ಗೇಣುಗಾಲಿನ ಜಪಾನಿ ಮೇಜು

ನಮ್ಮ ಊರಿನಲ್ಲಿ ಒಂದು ಸಾದಾ ಕುರ್ಚಿಗೆ ನಾಲ್ಕು ಸಾವಿರ ರೂಪಾಯಿ. ಕೈ ಇರುವುದು ಬೇಕಾದರೆ ಐದೂವರೆ. ಸ್ಟೂಲಿಗೆ ಸಾವಿರದ ಇನ್ನೂರು, ಒಂದು ಕಾಲು ಕುಂಟಾಗಿದ್ದರೂ ಒಂಬೈನೂರಕ್ಕೆ ಕಡಿಮೆ ಇಲ್ಲ. ಎರಡು ಬೆರಳು ದಪ್ಪದ ಹಲಸಿನ ಮಣೆಗೆ ಆರುನೂರು. ಚಾಪೆ ಮಾತ್ರ ಪುಕ್ಕಟೆ. ಒಂದು ಕೇಳಿದರೆ ಎರಡು ಕೊಡುತ್ತಾರೆ; ಒಯ್ಯುವುದನ್ನು ಮಂದಿ ನೋಡದ ಹಾಗೆ ಹಳೆಯ ಪೇಪರಿನಲ್ಲಿ ಸುತ್ತಿಯೂ ಕೊಡುತ್ತಾರೆ.

ಕಾರಣ ಇಷ್ಟೆ. ನಮ್ಮೂರಲ್ಲಿ ನೆಲಕ್ಕೆ ಕೂತವರ ಬಾಯಿಂದ ಸುಳ್ಳು ಹೊರಡುವುದಿಲ್ಲ. ಹೇಳಹೋದರೆ ಬಿಕ್ಕಳಿಕೆ ಹಿಡಿಯುತ್ತದೆ, ನಿಜ ಹೇಳುವ ತನಕ ಬಿಡುವುದಿಲ್ಲ. ಸಾರಿಸಿದ ನೆಲವಾಗಲಿ, ಟೈಲ್ಸ್ ಆಗಲಿ, ಚಾಪೆಯಾಗಲಿ, ಜಮಖಾನವಾಗಲಿ, ಎಲ್ಲಾ ಒಂದೇ. ನಡುವೆ ಒಂದು ಹಲಗೆ ಬಂದರೆ ಪಾರು. ಬಾಯಿ ಮುಚ್ಚಿಕೊಂಡಿದ್ದರೂ ಪಾರು. ಕುಕ್ಕರಗಾಲಿನಲ್ಲಿ ಕೂತರೆ ಅರ್ಧ ಪಾರು. ಹೀಗಾಗಿ ನಮ್ಮ ಶಾಲೆಯಲ್ಲಿ ಮಕ್ಕಳಿಗೆ ಬೆಂಚಿದೆ, ಹೋಂವರ್ಕ್ ಕೇಳುವಾಗ ಮಾತ್ರ ಮಾಸ್ತರರು ಕೆಳಗೆ ಕೂರಿಸುತ್ತಾರೆ. ಎಷ್ಟು ಕುಡಿಯುತ್ತೀ ಎಂದು ಕೇಳಬೇಕಾದಾಗ ಡಾಕ್ಟರೂ ಹಾಗೆಯೇ ಮಾಡುತ್ತಾರೆ. ಮನೆಗೆ ಬಂದವರಿಗೆ "ಕೆಳಗ ಕುಂಡ್ರಿ" ಎಂದರೆ ಮುಖಕ್ಕೆ ಕಳ್ಳ ಎಂದ ಹಾಗೆ. ಆ ಒಂದು ಮಾತಿಗೆ ಮುರಿದ ಸಂಬಂಧಗಳನ್ನು ನಾನೇ ಮೂರು ಕಂಡಿದ್ದೇನೆ.

ನನ್ನದೊಂದು ಖಾನಾವಳಿ ಇದೆ. ಗಂಡ ತೀರಿಹೋಗಿ ಒಂಬತ್ತು ವರ್ಷವಾಯಿತು, ಮಕ್ಕಳಿಲ್ಲ. ಪಲ್ಯ, ಸಾರು ನನ್ನ ಕೈಯದು. ರೊಟ್ಟಿ ಬಡಿಯುವುದು ಹಾಜರಬಿ. ವಯಸ್ಸಿನಲ್ಲಿ ನನಗಿಂತ ಎಂಟು ವರ್ಷ ದೊಡ್ಡವಳು, ಬಾಯಲ್ಲಿ ಇಪ್ಪತ್ತು ವರ್ಷ ದೊಡ್ಡವಳು. ಗಿರಾಕಿಗಳೆಲ್ಲ ಬೆಂಚಿನ ಮೇಲೆ ಕೂತು ಉಂಡು, "ಛಲೋ ಆಗಿತ್ತವಾ" ಎಂದು ಹೇಳಿ ಹೋಗುತ್ತಾರೆ. ಬೆಂಚಿನ ಹೊಗಳಿಕೆಯನ್ನು ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ತಾಟು ನೋಡುತ್ತೇನೆ. ಬೆರಳಾಡಿಸಿ ನೆಕ್ಕಿದ ತಾಟಿಗೆ ಸುಳ್ಳು ಹೇಳಲು ಬರುವುದಿಲ್ಲ.

ಅಡಿವೆಪ್ಪನವರು ಆರು ವರ್ಷದಿಂದ ಎರಡು ಹೊತ್ತೂ ನನ್ನಲ್ಲಿ ಉಣ್ಣುತ್ತಿದ್ದರು. ಲೈನ್‌ಮನ್ ಕೆಲಸದಿಂದ ನಿವೃತ್ತರಾದವರು, ಹೆಂಡತಿ ಇಲ್ಲ, ಮೂಲೆಯ ಬೆಂಚು ಅವರದು. ಒಂದು ಸೋಮವಾರ ಊಟ ಮುಗಿಸಿ, ಕೈ ತೊಳೆದು, ಒರೆಸಿಕೊಳ್ಳುತ್ತಾ ನಿಂತವರು, "ಬಾಳವ್ವಾರ, ನಾವಿಬ್ಬರೂ ಉಡಿಕಿ ಮಾಡಿಕೊಂಡ್ರ ಹ್ಯಾಂಗ?" ಎಂದರು. ಗಂಡ ಸತ್ತವಳು ಮತ್ತೆ ಮದುವೆಯಾಗುವುದಕ್ಕೆ ನಮ್ಮಲ್ಲಿ ಉಡಿಕೆ ಎನ್ನುತ್ತಾರೆ. ನನ್ನ ಕೈಯಲ್ಲಿದ್ದ ಸೌಟು ಸಾರಿನ ಬೋಗುಣಿಗೆ ಬಿತ್ತು. ಅಲ್ಲಿಯ ತನಕ ಅವರನ್ನು "ಅಣ್ಣಾರ" ಎನ್ನುತ್ತಿದ್ದೆ. ಆ ಮಾತು ಕೇಳಿದ ಮೇಲೆ ಹಾಗೆನ್ನಲು ಬಾಯಿ ಬರಲಿಲ್ಲ, ಬೇರೆ ಏನೆನ್ನಬೇಕೋ ತಿಳಿಯಲಿಲ್ಲ.

"ಇಲ್ನೋಡ್ರಿ," ಎಂದೆ, "ಶುಕ್ರವಾರ ಸಂಜಿಮುಂದ ಮನಿಗೆ ಬರ್ರಿ. ಚಹಾ ಕುಡಿಯೂಣು. ಅವತ್ತ ಹೇಳ್ತೇನಿ."

ಅವರು ಹೋದ ಮೇಲೆ ಹಾಜರಬಿ ಹಿಟ್ಟಿನ ಕೈಯನ್ನು ಸೊಂಟಕ್ಕಿಟ್ಟುಕೊಂಡು ಹೊರಗೆ ಬಂದಳು. "ತಿಂಗಳಾ ಬಿಲ್ಲ ಕೊಡೂದಕ್ಕಿಂತ ಒಮ್ಮೆ ತಾಳಿ ಕಟ್ಟೂದು ಅಗ್ಗ ಬೀಳ್ತೈತಿ. ಲೆಕ್ಕಾ ಹಾಕ್ಯಾನ ಮುದುಕ."

"ಮುದುಕ ಯಾಕ ಅಂತೀ? ಅರವತ್ತೊಂದು ಅವರಿಗೆ."

"ಹೌದಾ? ನಿನಗೆಲ್ಲಾ ಬಾಯಿಪಾಠ ಐತಿ ಬಿಡು."

ನಾಚಿಕೆ ಬಿಟ್ಟು ಹೇಳುತ್ತೇನೆ, ಹೂಂ ಎನ್ನಲು ನನಗೂ ಮನಸ್ಸಿತ್ತು. ಆದರೆ ಹಾಜರಬಿಯ ಮಾತು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಕೂತುಬಿಟ್ಟಿತು. ಅವರಿಗೆ ಬೇಕಾದದ್ದು ನಾನೋ, ಎರಡು ಹೊತ್ತಿನ ಊಟವೋ? ಐವತ್ತೆರಡನೆಯ ವಯಸ್ಸಿನಲ್ಲಿ ಒಬ್ಬ ಪುಕ್ಕಟೆ ಗಿರಾಕಿಗೆ ಹೆಂಡತಿಯಾಗಿ ಉಳಿದ ಆಯುಷ್ಯ ಸಾರು ಬಡಿಸುವುದು ನನಗೆ ಬೇಡವಾಗಿತ್ತು. ಕೇಳಬಹುದಿತ್ತು, ನಿಂತವರು ಏನು ಬೇಕಾದರೂ ಹೇಳಿಯಾರು. ನೆಲಕ್ಕೆ ಕೂರಿಸಿ ಕೇಳಬೇಕು. ಕೂರಿ ಎಂದರೆ ಅವಮಾನ. ತಾವಾಗಿ, ಖುಷಿಯಿಂದ, ತಿಳಿಯದ ಹಾಗೆ ಕೂರಬೇಕು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಪಾಯಪ್ಪನ ಮೇಜುಗಳು ನೆನಪಾದವು.

ಪಾಯಪ್ಪನ ಅಂಗಡಿ ಹಳೆ ಬಸ್ ಸ್ಟ್ಯಾಂಡಿನ ಹಿಂದೆ. ಹೊರದೇಶದ ಹಳೆಯ ಕುರ್ಚಿಗಳನ್ನು ತರಿಸಿ ಮಾರುವವನು. ಎರಡು ತಿಂಗಳ ಹಿಂದೆ ಬಂದರಿನ ಹರಾಜಿನಲ್ಲಿ ಒಂದು ಕಂಟೇನರ್ ಹಿಡಿದಿದ್ದ. "ಜಪಾನಿನ ಹಳೆ ಮನೆಗಳ ಮರದ ಸಾಮಾನು, ನಾಲ್ಕು ಕಾಲಿನವು, ನೂರಾ ಹತ್ತು ನಗ" ಎಂದು ಕಾಗದದಲ್ಲಿತ್ತಂತೆ. ನಾಲ್ಕು ಕಾಲು ಎಂದರೆ ನಮ್ಮೂರಿನವನಿಗೆ ಕುರ್ಚಿಯಲ್ಲದೆ ಇನ್ನೇನು ಹೊಳೆದೀತು? ಬಾಗಿಲು ತೆಗೆದರೆ ನೂರಾ ಹತ್ತೂ ಮೇಜು. ಒಂದರ ಕಾಲೂ ಗೇಣಿಗಿಂತ ನಾಲ್ಕು ಬೆರಳು ಹೆಚ್ಚಿಲ್ಲ. ಆ ದೇಶದಲ್ಲಿ ನೆಲಕ್ಕೆ ಕೂತೇ ಉಣ್ಣುತ್ತಾರೆ, ನೆಲಕ್ಕೆ ಕೂತೇ ಬರೆಯುತ್ತಾರೆ, ಬೀಗರು ಬಂದರೂ ನೆಲಕ್ಕೇ ಕೂರಿಸುತ್ತಾರೆ ಎಂದು ತಿಳಿದು ಊರು ದಂಗಾಯಿತು. "ಯಪ್ಪಾ, ಅಷ್ಟ್ ಖರೇ ಮಾತಾಡಿ ಆ ಮಂದಿ ಹ್ಯಾಂಗ ಬಾಳೇ ಮಾಡ್ತಾರ?" ಎಂದು ಹಾಜರಬಿ ಒಂದು ವಾರ ಮರುಗಿದ್ದಳು.

ಬುಧವಾರ ಮಧ್ಯಾಹ್ನ ಊಟದ ಹೊತ್ತು ಮುಗಿದ ಮೇಲೆ ಅವಳನ್ನೂ ಕರೆದುಕೊಂಡು ಹೋದೆ. ನೆಲಕ್ಕೆ ಕೂರಬೇಕಾದ ವ್ಯಾಪಾರಕ್ಕೆ ಹೋಗುವಾಗ ನಿಂತುಕೊಂಡಿರುವವರು ಒಬ್ಬರು ಜೊತೆಗಿರಬೇಕು. ಇದು ನಮ್ಮೂರಲ್ಲಿ ಹುಟ್ಟಿದವರಿಗೆಲ್ಲ ಗೊತ್ತು.

ಪಾಯಪ್ಪ ಗಲ್ಲಾದ ಹಿಂದೆ ಒಂದು ಎತ್ತರದ ಸ್ಟೂಲಿನ ಮೇಲಿದ್ದ. ಅಷ್ಟು ಎತ್ತರದ ಸ್ಟೂಲು ಊರಲ್ಲಿ ಇನ್ನೊಬ್ಬರ ಹತ್ತಿರ ಇಲ್ಲ.

"ಬರ್ರಿ ಬರ್ರಿ ಅಕ್ಕಾರ. ಎಂಥಾದ್ದು ತೋರಿಸ್ಲಿ? ಆಂಟಿಕ್ಕೋ, ವಿಂಟೇಜೋ?"

"ಎರಡಕ್ಕೂ ಏನಪಾ ಫರಕು?"

"ಅಜ್ಜನ ಕಾಲದ್ದು ಆಂಟಿಕ್. ಅಪ್ಪನ ಕಾಲದ್ದು ವಿಂಟೇಜ್."

"ಮತ್ತ ನಮ್ಮ ಕಾಲದ್ದು?"

"ಅದಕ್ಕ ಸೆಕೆಂಡ್‌ಹ್ಯಾಂಡ್ ಅಂತಾರ್ರಿ."

ಹಾಜರಬಿ ನನ್ನ ಕಿವಿಗೆ ಬಗ್ಗಿದಳು. "ಅಂದ್ರ ಶುಕ್ರವಾರ ಬರೂದು ಸೆಕೆಂಡ್‌ಹ್ಯಾಂಡ್ ಮಾಲು." ನಾನು ಅವಳ ತೋಳು ಚಿವುಟಿದೆ.

ಪಾಯಪ್ಪ ಮೊದಲು ತೋರಿಸಿದ್ದು ಒಂದು ಉದ್ದನೆಯ ಮೇಜು. ಕಪ್ಪು ಅರಗಿನ ಹೊಳಪು, ಮೂಲೆಯಲ್ಲಿ ಚಿನ್ನದ ಬಣ್ಣದ ಕೊಕ್ಕರೆ. ಮುನ್ನೂರು ವರ್ಷದ್ದು, ಅರಮನೆಯದು, ಒಬ್ಬ ರಾಜ ಅದರ ಮೇಲೆ ಪತ್ರ ಬರೆಯುತ್ತಿದ್ದ ಎಂದ. ನಾನು ಓದಿದವಳಲ್ಲ. ಆದರೆ ಇಪ್ಪತ್ತೆರಡು ವರ್ಷದಿಂದ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದೇನೆ. ಮೇಲಿನ ಮಿಂಚು ನೋಡಿ ಕೊಂಡವಳು ಮನೆಗೆ ಹುಳ ತರುತ್ತಾಳೆ. ಮೇಜನ್ನು ಮಗುಚಿ ಹಾಕಿಸಿದೆ. ಕೆಳಗೆ ಹುಳ ತಿಂದ ತೂತುಗಳಿದ್ದವು. "ನೋಡ್ರಿ ಎಷ್ಟ್ ಹಳೇದು!" ಎಂದ. ಮೂಲೆಯಲ್ಲಿದ್ದ ಕಸಬರಿಗೆಯಿಂದ ಒಂದು ಕಡ್ಡಿ ಹಿರಿದು ತೂತಿಗೆ ಹಾಕಿದೆ. ಎಲ್ಲೂ ತಡೆಯದೆ ನೆಟ್ಟಗೆ ಹೋಯಿತು.

"ಹುಳಾ ಇಷ್ಟ್ ಶಿಸ್ತಿಲೆ ಹೋಗೂದಿಲ್ಲಪಾ. ಡ್ರಿಲ್ ಹೋಗ್ತೈತಿ."

"ಜಪಾನಿನ ಹುಳಾರಿ ಅಕ್ಕಾರ, ಶಿಸ್ತಿನವು," ಎಂದ, ಸ್ಟೂಲಿನ ಮೇಲೆ ಮಿಸುಕದೆ.

ಎರಡನೆಯದಕ್ಕೆ ಕೆಳಗೆ ಕರೆಂಟಿನ ಹೀಟರ್ ಇತ್ತು. ಕೊತಾತ್ಸು ಎನ್ನುತ್ತಾರಂತೆ. ಚಳಿಗಾಲದಲ್ಲಿ ಮೇಲೆ ಒಂದು ದುಪ್ಪಟಿ ಹೊದಿಸಿ, ಇಡೀ ಮನೆಮಂದಿ ಸುತ್ತ ಕೂತು, ಕಾಲುಗಳನ್ನು ಅದರೊಳಗೆ ಇಟ್ಟುಕೊಳ್ಳುತ್ತಾರಂತೆ. ನಮ್ಮ ಊರಿನ ಬಿಸಿಲಿಗೆ ಕಾಲಲ್ಲ, ಕುಂಬಳಕಾಯಿ ಬೇಯುತ್ತದೆ ಎಂದು ಹಾಜರಬಿ ಅದನ್ನು ಅಲ್ಲಿಗೇ ಬಿಡಿಸಿದಳು.

ಮೂರನೆಯದು ಗೋಡೆಗೆ ಆನಿಸಿಟ್ಟಿತ್ತು, ಯಾರೂ ನೋಡದ ಕಡೆ. ದುಂಡನೆಯದು, ಎರಡು ತೋಳು ಅಗಲ, ಹಳೆಯ ಬೆಲ್ಲದ ಬಣ್ಣ. ಕಾಲುಗಳನ್ನು ಮಡಚಿ ಒಳಗೆ ಸೇರಿಸಬಹುದು, ಉಂಡಾದ ಮೇಲೆ ಎತ್ತಿ ಗೋಡೆಗೆ ಇಡಬಹುದು. ಚಬುದಾಯ್ ಎಂದ ಪಾಯಪ್ಪ. ಮೇಲೆ ಬಿಸಿ ಬಟ್ಟಲಿಟ್ಟ ಉಂಗುರದ ಕಲೆಗಳಿದ್ದವು. ಅಂಚು ಅಂಗೈ ತಾಗಿ ತಾಗಿ ಸವೆದಿತ್ತು. ಒಂದು ಕಡೆ ಅಂಚಿನಲ್ಲಿ ಚಿಕ್ಕ ಚಿಕ್ಕ ಕಚ್ಚುಗಳು. ಬೆರಳಿಟ್ಟು ನೋಡಿದೆ. ಯಾವುದೋ ಕೂಸು ಹಲ್ಲು ಬರುವಾಗ ಕಚ್ಚಿದ ಗುರುತು. ಇದನ್ನು ಯಾವ ಡ್ರಿಲ್ಲೂ ಮಾಡಲಾರದು. ನನಗೆ ಮನಸ್ಸು ಬಂದುಬಿಟ್ಟಿತು. ಮುಖವನ್ನು ಮಾತ್ರ ಹುಳಿ ಮಜ್ಜಿಗೆ ಕುಡಿದವಳ ಹಾಗೆ ಇಟ್ಟುಕೊಂಡೆ.

"ನೂರಾ ಎಂಬತ್ತು ವರ್ಷದ್ದು. ಹದಿನಾಕು ಸಾವಿರ," ಎಂದ.

"ಕುಂತ್ ನೋಡ್ತೇನಿ ತಡೀ." ಮೇಜನ್ನು ನಡುವೆ ಇಡಿಸಿ, ಸೆರಗು ಸರಿಮಾಡಿಕೊಂಡು ನೆಲಕ್ಕೆ ಕೂತೆ. "ನೀನೂ ಎದುರಿಗೆ ಕುಂಡ್ರಪಾ. ಎದುರು ಕುಂತವರ ಮೊಣಕೈ ಎಲ್ಲಿ ಬರ್ತೈತಿ ನೋಡ್ಬೇಕು."

"ನನಗ ಮೊಣಕಾಲ ಬ್ಯಾನಿ ಅಕ್ಕಾರ."

"ಹಂಗಾರ ಬಿಡು. ನೂರಾ ಎಂಟೂ ನೀನ ಇಟ್ಕೋ."

ಎರಡು ತಿಂಗಳಲ್ಲಿ ಅವನು ಮಾರಿದ್ದು ಎರಡೇ ಮೇಜು ಎಂದು ನಾನು ಮೊದಲೇ ವಿಚಾರಿಸಿಕೊಂಡಿದ್ದೆ. ಸ್ಟೂಲಿನಿಂದ ಇಳಿದು ಬಂದ. ಬಂದವನು ಕೂರಲಿಲ್ಲ, ಜಾಣ, ಕುಕ್ಕರಗಾಲಿನಲ್ಲಿ ನಿಂತ.

"ಎಷ್ಟ್ ವರ್ಷದ್ದಂದಿ?"

"ನೂರಾ... ಹಿಕ್... ತೊಂಬತ್ತು."

ಅರ್ಧಕ್ಕೆ ಇಳಿಯಿತು. ನಾನು ಹಾಜರಬಿಯ ಕಡೆ ನೋಡಿದೆ. ಅವಳು ನಿಂತವಳಲ್ಲವೇ, ನಿಶ್ಚಿಂತೆಯಿಂದ ಕೂಗಿದಳು: "ಯಣ್ಣಾ, ನಿನ್ನ ಕಾಲರಿನಾಗ ಜರಿಹುಳಾ!"

ಜರಿಹುಳವೂ ಇಲ್ಲ, ಏನೂ ಇಲ್ಲ. ಪಾಯಪ್ಪ ಕೊರಳು ಕೊಡವಲು ಹೋಗಿ ಹಿಂದಕ್ಕೆ ದೊಪ್ಪೆಂದು ನೆಲಕ್ಕೆ ಕೂತ.

"ಈಗ ಹೇಳು. ಎಷ್ಟ್ ವರ್ಷ?"

"ಅರವತ್ತು. ಅರವತ್ತೈದರ ಒಳಗ."

"ಕಾಲು?"

"ಮೂರು ಜಪಾನಿನವು. ಒಂದು ಮುರದಿತ್ತು, ನಮ್ಮ ಬಡಿಗೇರ ಮೌನೇಶ ಮಾಡಿಕೊಟ್ಟಾನ. ಆ ಮೂರಕ್ಕಿಂತ ಅದ ಗಟ್ಟಿ."

"ಮ್ಯಾಲಿನ ಬಣ್ಣ?"

"ಬಣ್ಣ ಖರೇದು. ಕಚ್ಚಿದ್ದೂ ಖರೇದು. ಅದನ್ನ ಉಜ್ಜಿ ತೆಗೀಬೇಕಂತ ಪಾಲಿಶ್ ಕಾಗದ ಹಿಡದೆ, ಕೈ ಬರ್ಲಿಲ್ಲ ಅಕ್ಕಾರ." ಅವನ ದನಿ ಸಣ್ಣಗಾಯಿತು. ನಾನು ಕೇಳದೆಯೇ ಮುಂದುವರಿದ. "ಮಧ್ಯಾಹ್ನ ಬಾಗಲಾ ಹಾಕ್ಕೊಂಡು ನಾ ಇದಕ್ಕ ಕುಂತು ಬುತ್ತಿ ಉಣ್ತೇನಿ. ಒಬ್ಬಾಂವ ಇದ್ದಾಗ ಯಾರಿಗೆ ಸುಳ್ಳು ಹೇಳೂದೈತಿ? ಆರಾಮ ಅನಸ್ತೈತಿ."

ಅಷ್ಟರಲ್ಲಿ ಅವನಿಗೆ ವ್ಯಾಪಾರದ ಬುದ್ಧಿ ವಾಪಸು ಬಂತು. ನಾನೂ ನೆಲದ ಮೇಲೇ ಇದ್ದೇನೆ ಎಂಬುದು ಅವನಿಗೆ ಹೊಳೆಯಿತು.

"ನಿಮಗ ಮನಸ್ಸಿಗೆ ಬಂದೈತಿಲ್ಲೋ?"

"ಬಂದೈತಿ. ಭಾಳ," ಎಂದಿತು ನನ್ನ ಬಾಯಿ.

"ಎಷ್ಟರ ಮಟಾ ಕೊಡ್ತೀರಿ?"

"ಎರಡ್... ಹಿಕ್... ಎರಡೂವರಿ... ಹಿಕ್..." ಬಿಕ್ಕಳಿಕೆ ಎದೆಯನ್ನು ಗುದ್ದಿತು. "ಐದು ಸಾವಿರ!"

"ಯಾತಕ್ಕ ಬೇಕಾಗೇತಿ?"

ನಾನು ಸೊಂಟದ ಸಂಚಿ ಬಿಚ್ಚಿ ಎಲೆ, ಅಡಿಕೆ, ಸುಣ್ಣ ಎಲ್ಲವನ್ನೂ ಒಟ್ಟಿಗೆ ಬಾಯಿಗೆ ತುರುಕಿಕೊಂಡೆ. "ಹಿಟ್ಟು ನಾದಾಕ," ಎಂದಳು ಹಾಜರಬಿ ಮೇಲಿನಿಂದ, ಕಣ್ಣು ಮಿಟುಕಿಸದೆ. ಪಾಯಪ್ಪ ನಂಬಲಿಲ್ಲ. ಆದರೆ ನಿಂತವಳ ಮಾತನ್ನು ಅಲ್ಲ ಎನ್ನುವ ಹಾಗೂ ಇರಲಿಲ್ಲ.

ಅವನಿಗೆ ಎಷ್ಟಕ್ಕೆ ಬಿದ್ದಿತ್ತು ಎಂದು ಕೇಳಿದೆ. ತುಟಿ ಬಿಗಿದು ಕೂತ. ತುಟಿ ಬಿಗಿದದ್ದೇ ಉತ್ತರ, ಬಹಳ ಕಡಿಮೆಗೆ ಬಿದ್ದಿರಬೇಕು. ನಾಲ್ಕಕ್ಕೆ ಮುರಿಯಬೇಕೆಂದಿದ್ದೆ. ಆ ಬುತ್ತಿಯ ಮಾತು ಕೇಳಿದ ಮೇಲೆ ನಾಲ್ಕೂವರೆ ಎಂದೆ, ತನ್ನ ಗುಟ್ಟೂ ಹೊರಬಿದ್ದದ್ದರಿಂದ ಅವನೂ ಒಪ್ಪಿದ. ಕೈಗಾಡಿಯಲ್ಲಿ ಮನೆಗೆ ಮುಟ್ಟಿಸುವುದು ಅವನ ಪಾಲಿಗೆ. ಅವನು ಏಳುವಾಗ ಮೇಜಿನ ಅಂಚನ್ನು ಒಮ್ಮೆ ಸವರಿದ.

ಶುಕ್ರವಾರ ಮಧ್ಯಾಹ್ನ ಪಡಸಾಲೆಯ ಕುರ್ಚಿ ಎರಡನ್ನೂ ಹಾಜರಬಿಯ ಮನೆಗೆ ಸಾಗಿಸಿದೆವು. ಮಂಚವನ್ನು ಎತ್ತಿ ಹಿತ್ತಲ ಗೋಡೆಗೆ ನಿಲ್ಲಿಸಿದೆವು. ಮಣೆಗಳನ್ನೆಲ್ಲ ಅಟ್ಟಕ್ಕೆ ಹಾಕಿದೆ. ಪಡಸಾಲೆಯ ನಡುವೆ ಆ ದುಂಡು ಮೇಜು, ಅದರ ಎರಡು ಬದಿಗೆ ನೆಲದ ಮೇಲೆ ಎರಡು ಮೆತ್ತನೆಯ ದಿಂಬು. ಬರುತ್ತಾರೆ, ಹೊಸ ನಮೂನೆಯ ಮೇಜು ಎಂದು ಮೆಚ್ಚುತ್ತಾರೆ, ದಿಂಬಿನ ಮೇಲೆ ಕೂರುತ್ತಾರೆ, ಚಹಾ ಕುಡಿಯುತ್ತಾರೆ, ನಾನು ಕೇಳುತ್ತೇನೆ. ಎಲ್ಲಾ ಸರಿಯಾಗಿತ್ತು. ಒಂದೇ ತಪ್ಪು, ಅದೂ ನನ್ನ ಕೈಯದು. ನೆಲ ಒರೆಸಿದ ಮೇಲೆ ಕೈ ತನ್ನ ಪಾಡಿಗೆ ತಾನು ರಂಗೋಲಿ ಡಬ್ಬಿ ಎತ್ತಿಕೊಂಡು ಆ ಮೇಜಿನ ಸುತ್ತ ಒಂದು ಎಳೆ ಎಳೆದಿತ್ತು. ದೊಡ್ಡವರಿಗೆ ಮಣೆ ಹಾಕಿದಾಗ ಸುತ್ತ ಎಳೆಯುತ್ತಾರಲ್ಲ, ಹಾಗೆ.

ಐದು ಗಂಟೆಗೆ ಸರಿಯಾಗಿ ಅಡಿವೆಪ್ಪನವರು ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಅರ್ಧ ಕಿಲೋ ಪೇಡೆ. ಅವರ ಕಣ್ಣು ಕುರ್ಚಿ ಹುಡುಕಿತು. ನಾನು ನೋಡದವಳ ಹಾಗೆ "ಚಹಾ ತರ್ತೇನಿ" ಎಂದು ಒಳಗೆ ಹೋದೆ. ಎರಡು ಬಟ್ಟಲು ತುಂಬಿಸಿ, ಪೇಡೆಯನ್ನು ತಾಟಿಗೆ ಹಾಕಿಕೊಂಡು ಬರುವಷ್ಟರಲ್ಲಿ ಅವರು ಕೂತಾಗಿತ್ತು.

ಮೇಜಿನ ಮೇಲೆ ಕೂತಿದ್ದರು. ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿ, ಎರಡು ದಿಂಬನ್ನೂ ಮೊಣಕಾಲಿಗೆ ಆನಿಸಿಕೊಂಡು, ಮಠದ ಗದ್ದುಗೆಯೇರಿದ ಸ್ವಾಮಿಗಳ ಹಾಗೆ.

"ಬಾಳವ್ವಾರ," ಎಂದರು. "ಇಷ್ಟ್ ದೊಡ್ಡ ಮಣಿ ನನಗ ಜಲ್ಮದಾಗ ಯಾರೂ ಹಾಕಿದ್ದಿಲ್ಲ. ನನ್ನ ಲಗ್ನದಾಗೂ ಇದರರ್ಧ ಇತ್ತು."

ಅದು ಮಣೆಯಲ್ಲ, ಊಟದ ಮೇಜು ಎಂದು ಆ ಮುಖ ನೋಡಿ ಯಾರು ಹೇಳಿಯಾರು? ಅಡಿಗೆಮನೆಯ ಬಾಗಿಲಲ್ಲಿ ಹಾಜರಬಿ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿದ್ದಳು. ಅವಳ ಹೊಟ್ಟೆ ಕುಣಿಯುತ್ತಿತ್ತು.

"ನೀವೂ ಕುಂಡ್ರಿ," ಎಂದರು. ತಟ್ಟೆ ಹಿಡಿದುಕೊಂಡು ಎಷ್ಟು ಹೊತ್ತು ನಿಲ್ಲಲಿ? ಮನೆಯಲ್ಲಿ ಒಂದು ಕುರ್ಚಿ ಇರದ ಹಾಗೆ ಮಾಡಿದವಳು ನಾನೇ. ಎರಡನೆಯ ಸಲ ಕುಂಡ್ರಿ ಎಂದಾಗ ನೆಲಕ್ಕೆ ಕೂತೆ. ಕೂತ ಮೇಲೆ ಹೊಳೆಯಿತು. ತೋಡಿದ ಗುಂಡಿ ನನ್ನದೇ, ಬಿದ್ದವಳೂ ನಾನೇ. ಅವರು ಹಲಗೆಯ ಮೇಲೆ ಹಾಯಾಗಿ ಕೂತು ಬೇಕಾದ್ದನ್ನು ಹೇಳಬಹುದು. ಬಾಯಿ ಕಟ್ಟಿದ್ದು ನನ್ನದು.

"ಎಲ್ಲಿಂದ ತರಿಸಿದ್ರಿ ಇಂಥಾ ಮಣಿ?"

"ಜಪಾನಿಂದ ಬಂದದ್ದು." ಅದು ನಿಜವೇ ಆಗಿತ್ತು.

"ಅಲ್ಲಿ ಮಂದೀನೂ ಮಣಿ ಹಾಕ್ತಾರೇನು?"

ನಾನು ಎರಡು ಪೇಡೆಯನ್ನು ಒಟ್ಟಿಗೆ ಬಾಯಿಗೆ ಹಾಕಿಕೊಂಡೆ. ನುಂಗಿ ಮುಗಿಸುವಷ್ಟರಲ್ಲಿ ಅವರಿಗೆ ನಾನೆಲ್ಲಿ ಕೂತಿದ್ದೇನೆ ಎಂಬುದು ಕಣ್ಣಿಗೆ ಬಿತ್ತು. ಬಟ್ಟಲು ತುಟಿಗೆ ಹೋಗುತ್ತಿದ್ದದ್ದು ಅರ್ಧಕ್ಕೇ ನಿಂತಿತು. ನಮ್ಮೂರಲ್ಲಿ ಹೆಣ್ಣು ಕೇಳಬಂದವರ ಎದುರು ಯಾವ ಹೆಂಗಸೂ ತಾನಾಗಿ ನೆಲಕ್ಕೆ ಕೂತದ್ದಿಲ್ಲ.

"ಬಾಳವ್ವಾರ, ನೀವು... ನೆಲಕ್ಕ..."

"ಹೂಂ."

"ಹಂಗಾರ ನಾ ಒಂದು ಕೇಳ್ಲೇನು?"

"ಕೇಳ್ರಿ." ಇನ್ನೇನು ಹೇಳಲಿ.

ಅವರು ಚಹಾ ಕೆಳಗಿಟ್ಟರು. "ನನ್ನ ತಾಟಿಗೆ ದಿನಾ ಒಂದು ರೊಟ್ಟಿ ಹೆಚ್ಚ ಬೀಳ್ತೈತಿ. ಬಿಲ್ಲಿನಾಗ ಬರೂದಿಲ್ಲ. ಅದು ಹಾಜರಬಿ ಎಣಿಕಿ ತಪ್ಪೇನು?"

"ಆಕೀದು ಎಣಿಕಿ... ಹಿಕ್... ಎಣಿಕಿ ತಪ್... ಹಿಕ್." ಬಾಗಿಲಲ್ಲಿ ಹಾಜರಬಿ ಕಣ್ಣರಳಿಸಿದಳು. "ತಪ್ಪಲ್ಲ. ನಾನ ಹಾಕಸ್ತೇನಿ."

"ಯಾವಾಗಿಂದ?"

"ನಾಕು ವರ್ಷ ಆತು."

ಆಮೇಲೆ, ಕಂಬ ಹತ್ತಿದವರು ತಂತಿ ಮುಟ್ಟುವಷ್ಟು ಹುಷಾರಾಗಿ, "ನಿಮಗ ನಾ ಬೇಕೇನು?" ಎಂದರು.

"ಬೇಕು."

"ಮತ್ತ ಸೋಮವಾರನ ಯಾಕ ಹೇಳ್ಲಿಲ್ಲ?"

"ನಿಮಗ ನಾ ಬೇಕೋ, ಎರಡ್ಹೊತ್ತಿನ ಪುಕ್ಕಟೆ ಊಟ ಬೇಕೋ ನನಗ ತಿಳೀಲಿಲ್ಲ. ಅದಕ್ಕ."

ನೆಲದ ಗುಣವೇ ಹಾಗೆ. ಒಂದು ನಿಜ ಹೊರಗೆ ಬಿದ್ದರೆ ಅದರ ಹಿಂದೆ ನಿಂತದ್ದು ತಾನೂ ಬರುತ್ತೇನೆ ಎಂದು ನೂಕುತ್ತದೆ. ಅವರು ಕೇಳಿರಲಿಲ್ಲ, ನಾನೇ ಹೇಳಿಬಿಟ್ಟೆ: "ಊಟಕ್ಕಂತ ಬಂದಿದ್ರ ಇದನ್ನೂ ಕೇಳಿಬಿಡ್ರಿ. ನೀವು ಹೊಗಳಿ ಹೊಗಳಿ ತಿಂತೀರಲ್ಲ, ಆ ಶೇಂಗಾ ಚಟ್ನಿ ನಂದಲ್ಲ. ನನಗ ಅದು ಎಂದೂ ಹದಕ್ಕ ಬಂದಿಲ್ಲ. ತಂಗೆವ್ವನ ಕಡಿಂದ ಕದ್ದು ತರಸ್ತೇನಿ."

ತಂಗೆವ್ವ ಎಂದರೆ ಊರ ಮೇಲಿನ ಓಣಿಯ ಇನ್ನೊಂದು ಖಾನಾವಳಿಯವಳು. ನನಗೂ ಅವಳಿಗೂ ಹನ್ನೊಂದು ವರ್ಷದಿಂದ ಮಾತಿಲ್ಲ. ಯಾರ ಯಾರ ಕೈಯಿಂದಲೋ ಹಾದು ಆ ಚಟ್ನಿ ನನ್ನ ಡಬ್ಬಿಗೆ ಬರುತ್ತಿತ್ತು. ಹಾಜರಬಿಯನ್ನು ಬಿಟ್ಟರೆ ಈ ಮಾತು ಒಂದು ಜೀವಕ್ಕೂ ಗೊತ್ತಿರಲಿಲ್ಲ.

ಅಡಿವೆಪ್ಪನವರು ನಕ್ಕರು. "ನನಗ ಗೊತ್ತೈತಿ."

"ಯಾವಾಗಿಂದ?"

"ಮೊದಲ್ನೇ ದಿನದಿಂದ. ತಂಗೆವ್ವನ ಖಾನಾವಳಿ ನಮ್ಮ ಮನಿ ಎದುರಿಗೇನ ಐತಿ. ಆಕಿ ಚಟ್ನಿ ಕುಟ್ಟೂ ಸಪ್ಪಳಕ್ಕ ನನಗ ಮುಂಜಾನೆ ಎಚ್ಚರಾಗೂದು. ಅದರ ವಾಸನಿ ನನಗ ತಿಳಿಯೂದಿಲ್ಲೇನು?" ಮೊಣಕಾಲಿನ ದಿಂಬನ್ನು ಸರಿಮಾಡಿಕೊಂಡು, "ನೀವು ಖರೇ ಮಾತಾಡಾಕತ್ತೀರಿ, ನಾನೂ ಆಡ್ತೇನಿ. ನಿಮ್ಮ ಬದನಿಕಾಯಿ ಎಣ್ಣಿಗಾಯಿ ನನಗ ಆರು ವರ್ಷದಾಗ ಒಮ್ಮೆನೂ ಸೇರಿಲ್ಲ. ಉಪ್ಪು ಮುಂದ ಆಗ್ತೈತಿ," ಎಂದರು.

ನನ್ನ ಮೈಯೆಲ್ಲ ಉರಿದುಹೋಯಿತು. ಎಣ್ಣೆಗಾಯಿಯ ಬಗ್ಗೆ ನನ್ನ ಎದುರು ಹಾಗೆ ಅಂದವರು ಯಾರೂ ಇಲ್ಲ. ಎದ್ದು ತಟ್ಟೆ ಎತ್ತಿಕೊಂಡು ಒಳಗೆ ಹೋಗಬೇಕೆಂದು ಕೈಯೂರಿದೆ. ಊರಿದ ಕೈ ಅಲ್ಲೇ ನಿಂತಿತು. ನನಗೆ ಶಾಲೆಯ ಲೆಕ್ಕ ಬರದಿದ್ದರೂ ಇಂಥ ಲೆಕ್ಕ ಬರುತ್ತದೆ. ಅವರು ಕೂತಿದ್ದದ್ದು ಹಲಗೆಯ ಮೇಲೆ. ಎಂಥ ಸುಳ್ಳು ಬೇಕಾದರೂ ಹೇಳಬಹುದಿತ್ತು. ನಿಮ್ಮ ಕೈಯ ಅಡಿಗೆ ಅಮೃತ ಎನ್ನಬಹುದಿತ್ತು. ಕೇಳಬಂದ ದಿನ, ಅಷ್ಟು ಒಳ್ಳೆಯ ಜಾಗದಲ್ಲಿ ಕೂತು, ತನಗೇ ನಷ್ಟವಾಗುವ ಸುಳ್ಳನ್ನು ಯಾರು ಹೇಳುತ್ತಾರೆ? ಹಾಗಾದರೆ ಅದು ನಿಜ. ಎಣ್ಣೆಗಾಯಿ ಸೇರಿಲ್ಲ. ಸೇರಿದ ಚಟ್ನಿ ಎದುರು ಮನೆಯಲ್ಲೇ ಸಿಗುತ್ತಿತ್ತು, ಊಟಕ್ಕೆ ಎರಡು ರೂಪಾಯಿ ಕಡಿಮೆಗೆ. ಅದನ್ನು ಬಿಟ್ಟು ಈ ಮನುಷ್ಯ ಆರು ವರ್ಷ, ದಿನಕ್ಕೆ ಎರಡು ಸಲ, ಮೇಲಿನ ಓಣಿಯಿಂದ ನನ್ನ ಖಾನಾವಳಿಯ ತನಕ ನಡೆದು ಬಂದಿದ್ದಾರೆ. ಊಟಕ್ಕೆ ಬಂದದ್ದಲ್ಲ.

ಇಷ್ಟು ಯೋಚಿಸುವಷ್ಟರಲ್ಲಿ ನಾನು ಸಿಟ್ಟಾದೆನೆಂದು ಅವರು ಗಾಬರಿಯಾಗಿದ್ದರು. "ಬೇಕಾದ್ರ ನಾ ಕೆಳಗ ಇಳದು ಹೇಳ್ತೇನಿ," ಎಂದು ಒಂದು ಕಾಲು ರಂಗೋಲಿಯಾಚೆಗೆ ಇಟ್ಟರು.

"ಬ್ಯಾಡ," ಎಂದೆ. "ಅಲ್ಲೇ ಕುಂಡ್ರಿ."

"ಯಾಕ?"

"ಎಣ್ಣಿಗಾಯಿ ಬಗ್ಗೆ ಇನ್ನೂ ಏನರ ಇದ್ರ ನನಗ ಖರೇದು ಕೇಳೂದು ಬ್ಯಾಡ."

ಹಾಜರಬಿಗೆ ಇನ್ನು ತಡೆಯಲಾಗಲಿಲ್ಲ. ಒಳಗೆ ಓಡಿಹೋಗಿ ನಕ್ಕ ನಗೆಗೆ ಒಲೆಯ ಪಕ್ಕದ ಬೆಕ್ಕು ಹಿತ್ತಲಿಗೆ ಹಾರಿತು. ಒಂದು ಮನೆಯಲ್ಲಿ ಇಬ್ಬರು ಬಾಳಬೇಕಾದರೆ, ಉಂಡೆದ್ದ ಮೇಲೆ ಛಲೋ ಆಗಿತ್ತು ಎನ್ನಲು ಒಂದು ಗೇಣು ಎತ್ತರದ ಜಾಗ ಬೇಕು ಎಂಬುದು ನನ್ನ ಅಭಿಪ್ರಾಯ. ಮೊದಲ ಗಂಡನ ಜೊತೆ ಹದಿನೆಂಟು ವರ್ಷ ಕಳೆದು ಕಲಿತದ್ದು ಅದೊಂದೇ.

ಮುಂದಿನ ತಿಂಗಳು ಉಡಿಕೆ ಆಯಿತು. ಅಡಿವೆಪ್ಪನವರು ಅದೇ ಮಣೆ ಬೇಕೆಂದು ಹಟ ಹಿಡಿದದ್ದರಿಂದ ನಾವಿಬ್ಬರೂ ಆ ಮೇಜಿನ ಮೇಲೆಯೇ ಕೂತೆವು. ಮೌನೇಶನ ಕಾಲು ಒಮ್ಮೆ ಕಿರ್ ಎಂದಿತು, ಮುರಿಯಲಿಲ್ಲ. ಊಟಕ್ಕೆ ಬಂದಿದ್ದ ಪಾಯಪ್ಪ ಅದನ್ನು ಕಣ್ಣರಳಿಸಿ ನೋಡುತ್ತಿದ್ದ. ಮರುದಿನ ಅವನ ಅಂಗಡಿಯ ಮುಂದೆ "ಜಪಾನಿ ಹಸೆಮಣೆ ಸಿಗುತ್ತದೆ" ಎಂದು ಬೋರ್ಡು ಬಿತ್ತು. ಹೀಟರ್ ಇದ್ದದ್ದೂ ಸೇರಿ ಎಲ್ಲವೂ ಒಂದು ಲಗ್ನದ ಹಂಗಾಮಿನಲ್ಲಿ ಮಾರಿಹೋದವು, ನನಗೆ ಕೊಟ್ಟ ಬೆಲೆಯ ಮೂರು ಪಟ್ಟಿಗೆ. ಒಂದನ್ನು ಮಾತ್ರ ಅವನು ಕೊಡಲಿಲ್ಲ. ಮಧ್ಯಾಹ್ನ ಈಗಲೂ ಅವನ ಅಂಗಡಿಯ ಬಾಗಿಲು ಅರ್ಧ ಗಂಟೆ ಮುಚ್ಚಿರುತ್ತದೆ.

ಮಣೆಯೆಂದು ಕೂತದ್ದರ ಮೇಲೆ ನಮ್ಮಲ್ಲಿ ತಾಟು ಇಡುವುದಿಲ್ಲ. ಹಾಗಾಗಿ ನಾನು ಆಸೆಪಟ್ಟು ತಂದ ಮೇಜಿನಲ್ಲಿ ಒಂದು ದಿನವೂ ಉಣ್ಣಲಿಲ್ಲ. ಅದಕ್ಕೆ ಕೊಟ್ಟ ನಾಲ್ಕೂವರೆ ಸಾವಿರ ಹೋಯಿತು. ಎರಡು ಹೊತ್ತೂ ತಪ್ಪದೆ ದುಡ್ಡು ಕೊಡುತ್ತಿದ್ದ ಗಿರಾಕಿಯೊಬ್ಬರು ಹೋದರು. ಎಣ್ಣೆಗಾಯಿಯ ಬಗ್ಗೆ ನನಗಿದ್ದ ಹೆಮ್ಮೆ ಹೋಯಿತು. ಗಂಡ ಬಂದರು.